ಖಾಲಿ ಬಿಟ್ಟ ಖಾನೆ

ಪುಸ್ತಕದಲ್ಲಿ ಚೋಮಿ ಇರಲಿಲ್ಲ.

ಮೊದಲು ನನ್ನ ಕಣ್ಣೇ ತಪ್ಪಿರಬೇಕು ಅಂದುಕೊಂಡೆ. ಬುಧವಾರ ಬೆಳಿಗ್ಗೆ ಸಂಸ್ಥೆಯವರು ಮಡಿಕೇರಿಯಿಂದ ನನ್ನ ಫೋನಿಗೆ ಆ ಫೈಲು ಕಳಿಸಿದ್ದರು. ಮುಖಪುಟದಲ್ಲಿ ಹಸಿರು ಅಕ್ಷರದಲ್ಲಿ 'ಹಾಡಿ ಹಿರಿಯರ ಹೇಳಿಕೆಗಳು' ಎಂದು ಬರೆದಿತ್ತು. ಕೆಳಗೆ ಸಂಸ್ಥೆಯ ಹೆಸರು, ಒಂದು ಮರದ ಚಿತ್ರ. ಹೆಬ್ಬೆರಳಲ್ಲಿ ಪುಟ ಸರಿಸುತ್ತಾ ಹೋದೆ. ಹೆಸರುಗಳನ್ನು ಅಕ್ಷರದ ಸಾಲಿನಲ್ಲಿ ಜೋಡಿಸಿದ್ದರು. ಚಿಕ್ಕಣ್ಣ ಆದಮೇಲೆ ನೇರವಾಗಿ ಜವರ ಬಂದ. ಹಿಂದಕ್ಕೆ ಹೋದೆ, ಮತ್ತೆ ಮುಂದಕ್ಕೆ ಬಂದೆ. ಚಿಕ್ಕಣ್ಣ, ಜವರ. ನಡುವೆ ಯಾರೂ ಇಲ್ಲ.

ಚೋಮಿಯ ಹೇಳಿಕೆಯನ್ನು ಬರೆದುಕೊಂಡವಳು ನಾನು. ತಿತಿಮತಿಯ ಕಾಡಂಚಿನಲ್ಲಿ ಬುಡಕಟ್ಟಿನವರಿರುವ ಹಾಡಿಗೆ ಹೋಗಿ, ಅವಳ ಗುಡಿಸಲ ಮುಂದೆ ಮಣ್ಣಿನ ಜಗಲಿಯ ಮೇಲೆ ಕೂತು, ಸಂಸ್ಥೆ ಕೊಟ್ಟ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದು ಮಾತನ್ನೂ ಟೈಪ್ ಮಾಡಿದ್ದೆ. ಅವಳದೊಂದೇ ಅಲ್ಲ. ಹನ್ನೆರಡು ದಿನದಲ್ಲಿ ಮೂರು ಹಾಡಿಗಳ ನೂರ ಹನ್ನೆರಡು ಜನರದು.

ಆ ಹೇಳಿಕೆಗಳಿಗೆ ಬೆಲೆ ಇತ್ತು. ಕಾಡಂಚಿನಲ್ಲಿ ತಲೆತಲಾಂತರದಿಂದ ಇದ್ದವರು ತಾವಿರುವ ಜಾಗಕ್ಕೆ ಹಕ್ಕು ಕೇಳಿ ಅರ್ಜಿ ಹಾಕಿದ್ದರು. ಅವರ ಹತ್ತಿರ ಕಾಗದಪತ್ರ ಎಲ್ಲಿಂದ ಬರಬೇಕು? ಅದಕ್ಕೇ ಹಿರಿಯರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡು ಸಾಕ್ಷಿಯಾಗಿ ಕೊಡುವುದು ಅಂತ ಆಗಿತ್ತು. ಶುಕ್ರವಾರ ಗ್ರಾಮಸಭೆ. ಪುಸ್ತಕದಲ್ಲಿ ಯಾರ ಹೇಳಿಕೆ ಇದೆಯೋ ಅವರ ಅರ್ಜಿ ಮುಂದಕ್ಕೆ ಹೋಗುತ್ತದೆ. ಇಲ್ಲದವರದು ಪಕ್ಕಕ್ಕೆ. ಪಕ್ಕಕ್ಕಿಟ್ಟ ಅರ್ಜಿ ಮತ್ತೆ ಯಾವಾಗ ಮೇಜಿಗೆ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಚೋಮಿಗೆ ಎಪ್ಪತ್ತು ದಾಟಿತ್ತು. ಅವಳದು ಒಂದು ಗುಡಿಸಲು, ಅದರ ಸುತ್ತ ಅರ್ಧ ಎಕರೆ, ಅವಳೂ ಅವಳ ಗಂಡನೂ ಕುರುಚಲು ಕಡಿದು ಮಾಡಿದ್ದು. ಪ್ರತಿ ವರ್ಷ ಯಾರಾದರೊಬ್ಬರು ಬಂದು, ಇದು ನಿನ್ನದು ಅನ್ನೋಕೆ ಏನಿದೆ ತೋರಿಸು ಅಂತ ಕೇಳಿ ಹೋಗುತ್ತಿದ್ದರು.

ನಾನು ಮತ್ತೆ ಮೊದಲ ಪುಟಕ್ಕೆ ಹೋಗಿ ಒಂದು ಹಳೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ಗೀಟು ಹಾಕುತ್ತಾ ಎಣಿಸಿದೆ. ಎಂಬತ್ತಮೂರು. ಮತ್ತೊಮ್ಮೆ ಎಣಿಸಿದೆ. ಎಂಬತ್ತಮೂರೇ.

ಇಪ್ಪತ್ತೊಂಬತ್ತು ಜನ ಇಲ್ಲ.

ಯಾರು ಯಾರು ಇಲ್ಲ ಅಂತ ಬರೆಯುತ್ತಾ ಹೋದೆ. ಚೋಮಿ. ಮಾರಿ. ಪುಟ್ಟಿ. ದೊಡ್ಡ ಕೆಂಪಿ, ಸಣ್ಣ ಕೆಂಪಿ. ಬರೆಯುತ್ತಾ ಕೈ ನಿಧಾನವಾಯಿತು. ಎಲ್ಲರೂ ಹೆಂಗಸರು. ಇಪ್ಪತ್ತೊಂಬತ್ತಕ್ಕೆ ಇಪ್ಪತ್ತೊಂಬತ್ತೂ.

ಆಗ ನನಗೆ ಗೊತ್ತಾಯಿತು. ಈ ಇಪ್ಪತ್ತೊಂಬತ್ತು ಜನರದೂ ನಾನು ಒಂದೊಂದು ಖಾನೆ ಖಾಲಿ ಬಿಟ್ಟಿದ್ದೆ, ಅಷ್ಟಕ್ಕೇ ಅವರನ್ನು ಪೂರ್ತಿ ಬಿಟ್ಟುಬಿಟ್ಟಿದ್ದರು.

*

ನಮ್ಮ ಅಪ್ಪ ಕೃಷ್ಣಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಹಾಸನದ ಕಡೆಯಿಂದ ಕುಶಾಲನಗರದ ಹತ್ತಿರ ಬಂದು ನೆಲೆಸಿದ ಮನೆತನ ನಮ್ಮದು. ಅಲ್ಲಿಂದ ಅಪ್ಪ ಕೆಲಸಕ್ಕೆಂದು ತಿತಿಮತಿಗೆ ಬಂದವರು ಇಲ್ಲೇ ಉಳಿದರು. ಕೂಲಿಯವರ ಲೈನ್ ಮನೆಗಳ ಪಕ್ಕದ ಕ್ವಾರ್ಟರ್ಸಿನಲ್ಲೇ ನಾನು ಬೆಳೆದದ್ದು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ. ಎದ್ದು ನಿಂತು ಉತ್ತರ ಹೇಳು ಅಂದರೆ ನನ್ನ ಗಂಟಲು ಕಟ್ಟುತ್ತಿತ್ತು, ಮೇಷ್ಟರು ಕ್ಲಾಸಿನ ಮುಂದೆ ನಿಲ್ಲಿಸುತ್ತಿದ್ದರು, ಒಂದು ದಿನ ಹೋಗಲಿಲ್ಲ, ಮತ್ತೆ ಹೋಗಲೇ ಇಲ್ಲ. ಆಮೇಲೆ ಅಪ್ಪನ ಪಕ್ಕದಲ್ಲಿ ಕೂತು ಚೆಕ್‌ರೋಲ್ ಬರೆಯುವುದನ್ನು ಕಲಿತೆ. ಕೆಲಸಕ್ಕೆ ಬಂದವರ ಹೆಸರು, ಊರು, ಗಂಡನ ಅಥವಾ ತಂದೆಯ ಹೆಸರು, ದಿನದ ಹಾಜರಿ.

ಅಪ್ಪನ ಪುಸ್ತಕಕ್ಕೆ ಒಂದು ಕಟ್ಟುನಿಟ್ಟು ಇತ್ತು.

"ನೋಡು ಮಗ," ಅನ್ನುತ್ತಿದ್ದರು, "ಖಾನೇಲಿ ಗೀಟು ಎಳೆದ್ರೆ ಕೇಳಿದೀವಿ, ಇಲ್ಲ ಅಂದ್ರು, ಅಂತ. ಖಾಲಿ ಬಿಟ್ರೆ ಇನ್ನೂ ಕೇಳಿಲ್ಲ, ಕೇಳ್ಬೇಕು ಅಂತ. ಎರಡೂ ಒಂದೇ ಅಂದ್ಕೊಂಡವ್ನು ರೈಟ್ರಲ್ಲ. ಕೇಳದೆ ಗೀಟು ಎಳೆದ್ಯೋ, ಅದು ಸುಳ್ಳು ಬರೆದ ಹಾಗೆ."

ಯಾವಾಗಲೋ ಒಮ್ಮೆ ಒಬ್ಬ ಹೆಂಗಸಿನ ಖಾನೆಯಲ್ಲಿ ಕೇಳದೆ ಗೀಟು ಎಳೆದಿದ್ದಕ್ಕೆ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, ಕಾಫಿ ಪಿಕಿಂಗ್ ನಡೆಯುತ್ತಿದ್ದ ತೋಟದ ಬ್ಲಾಕಿಗೆ ನನ್ನನ್ನು ನಡೆಸಿಕೊಂಡು ಹೋಗಿ ಆ ಹೆಂಗಸನ್ನೇ ಕೇಳಿಸಿದ್ದರು.

ಚೋಮಿಯ ಜಗಲಿಯ ಮೇಲೆ ಕೂತಾಗಲೂ ನಾನು ಅದನ್ನೇ ಪಾಲಿಸಿದೆ. ಲ್ಯಾಪ್‌ಟಾಪಿನಲ್ಲಿದ್ದ ಸಂಸ್ಥೆಯ ಎಡಿಟರಿನಲ್ಲಿ, ಅಂದರೆ ಟೈಪ್ ಮಾಡುವ ಪರದೆಯಲ್ಲಿ, ಎಡಗಡೆ ಹೇಳಿಕೆ ಬರೆಯುವ ದೊಡ್ಡ ಜಾಗ. ಅಲ್ಲಿ ಪ್ಯಾರಾ ಮಾಡಬಹುದು, ದಪ್ಪಕ್ಷರ ಮಾಡಬಹುದು, ಫೋಟೋ ಸೇರಿಸಬಹುದು. ಬಲಗಡೆ ಸಣ್ಣ ಸಣ್ಣ ಖಾನೆಗಳು: ಹೆಸರು, ವಯಸ್ಸು, ಹಾಡಿ, ಗಂಡ ಅಥವಾ ಹೆಂಡತಿಯ ಹೆಸರು.

"ಅಜ್ಜಿ, ನಿಮ್ಮ ಯಜಮಾನ್ರ ಹೆಸ್ರು?"

ಚೋಮಿ ಮುಖ ಆ ಕಡೆ ತಿರುಗಿಸಿದಳು. ಸೆರಗಿನ ತುದಿ ಬಾಯಿಗೆ ಹೋಯಿತು.

"ಅದನ್ನ ನಾ ಹೇಳ್ತೀನಾ ಕೂಸೇ? ಯಾರಾದ್ರೂ ಹೇಳ್ತಾರಾ ಬಾಯಿಬಿಟ್ಟು?"

ಗಂಡನ ಹೆಸರನ್ನು ಬಾಯಲ್ಲಿ ಹೇಳದ ಹೆಂಗಸರು ನನಗೆ ಹೊಸಬರಲ್ಲ. ನಮ್ಮಜ್ಜಿಯೂ ಹೇಳುತ್ತಿರಲಿಲ್ಲ. ಒತ್ತಾಯ ಮಾಡಿ ಕೇಳುವ ಧೈರ್ಯ ನನಗಿರಲಿಲ್ಲ. ಪಕ್ಕದ ಗುಡಿಸಲಿಗೆ ಹೋಗಿ ಇನ್ನೊಬ್ಬರನ್ನು ಕೇಳುವುದಕ್ಕೂ ಆಗಲಿಲ್ಲ. ಅಲ್ಲಿ ನಾಲ್ಕು ಗಂಡಸರು ಕೂತಿದ್ದರು, ನಾನು ಅವರ ಕಡೆ ನೋಡುವುದಕ್ಕೇ ನಾಚಿಕೊಂಡಿದ್ದೆ.

"ಆಯ್ತಜ್ಜಿ, ಆಮೇಲೆ ಬಂದು ಕೇಳ್ಕೋತೀನಿ," ಅಂದೆ.

ಖಾನೆ ಖಾಲಿ ಬಿಟ್ಟೆ. ಇನ್ನೂ ಕೇಳಬೇಕು ಅಂತ. ಹೀಗೆ ಇಪ್ಪತ್ತೊಂಬತ್ತು ಹೆಂಗಸರ ಖಾನೆ ಖಾಲಿ ಉಳಿಯಿತು. ಗಂಡಸರಿಗೆ ಆ ಕಷ್ಟವೇ ಇರಲಿಲ್ಲ. ಹೆಂಡತಿಯ ಹೆಸರು ಕೇಳಿದರೆ ಬೀಡಿ ಬಾಯಿಂದ ತೆಗೆಯದೆ ಹೇಳುತ್ತಿದ್ದರು.

ಆಮೇಲೆ ನಾನು ಹೋಗಲಿಲ್ಲ. ಸಂಸ್ಥೆಯವರು ಹನ್ನೆರಡು ದಿನ ಮುಗಿಯಿತು ಅಂತ ಲ್ಯಾಪ್‌ಟಾಪ್ ವಾಪಸ್ ತೆಗೆದುಕೊಂಡರು. ಅದು ನನ್ನ ನೆಪ. ಹಾಡಿ ನಮ್ಮ ಕ್ವಾರ್ಟರ್ಸಿನಿಂದ ಮುಕ್ಕಾಲು ಗಂಟೆಯ ದಾರಿ. ಒಂದು ಪೆನ್ನು ಹಿಡಿದುಕೊಂಡು ಹೋಗಿದ್ದರೆ ಆಗುತ್ತಿತ್ತು.

*

ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಮಡಿಕೇರಿಗೆ ಹೊರಟೆ. ಹೇಗೂ ಹೋಗಲೇಬೇಕಿತ್ತು. ಪುಸ್ತಕದ ಮೊದಲ ಪುಟಕ್ಕೆ ನನ್ನ ಸಹಿ ಬೇಕು ಅಂತ ಹೇಳಿದ್ದರು. ಬಸ್ಸಿನಲ್ಲಿ ಕೂತು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿದೆ. ವಿರಾಜಪೇಟೆಯವರೆಗೆ ಸಿಟ್ಟು ಜೋರಾಗಿಯೇ ಇತ್ತು. ಮಡಿಕೇರಿ ಹತ್ತಿರವಾದಂತೆ ಮಾತು ಚಿಕ್ಕದಾಗುತ್ತಾ ಬಂದು, ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ 'ಸರ್' ಅನ್ನುವ ಒಂದೇ ಮಾತು ಉಳಿದಿತ್ತು.

ಆಫೀಸು ಒಂದು ಬೇಕರಿಯ ಮಹಡಿಯ ಮೇಲೆ. ಕಂಪ್ಯೂಟರಿನ ಮುಂದೆ ರೇಣುಕಪ್ರಸಾದ್ ಸರ್ ಕೂತಿದ್ದರು. ಶನಿವಾರಸಂತೆ ಕಡೆಯವರು, ಇಂಜಿನಿಯರಿಂಗ್ ಓದಿದವರು. ಎಡಿಟರಿನಲ್ಲಿ ಬರೆದದ್ದನ್ನೆಲ್ಲ ಓದಿ ಪುಸ್ತಕ ಮಾಡುವ ಪ್ರೋಗ್ರಾಂ ಅವರದೇ. ಒಳ್ಳೆಯ ಮನುಷ್ಯ. ಕೆಲಸಕ್ಕೆ ಸೇರಿದಾಗ ನನಗೆ ಟೈಪಿಂಗ್ ಹೇಳಿಕೊಟ್ಟವರು, ಒಮ್ಮೆಯೂ ರೇಗಿದವರಲ್ಲ.

"ಬಾ ಆಶಾರಾಣಿ. ಪುಸ್ತಕ ನೋಡ್ದ್ಯಾ? ಹ್ಯಾಗ್ ಬಂದೈತೆ?"

"ಸರ್."

"ಹೇಳು."

"ಇಪ್ಪತ್ತೊಂಬತ್ತು ಜನ ಇಲ್ಲ."

"ಎಲ್ಲಿ ಇಲ್ಲ?"

"ಪುಸ್ತಕದಲ್ಲಿ."

ಅವರು ಕುರ್ಚಿ ತಿರುಗಿಸಿ ಏನೋ ಒತ್ತಿದರು.

"ಓ, ಅವಾ. ನಲ್ ಇದ್ದವು, ಖಾನೆ ತುಂಬ್ದೇ ಬಿಟ್ಟವು, ಸ್ಕಿಪ್ ಆಗ್ತವೆ ಕಣಮ್ಮ."

"ಅವು ಅಲ್ಲ ಸರ್," ಅಂದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು. "ಅವರು."

ಅವರು ಪಕ್ಕದ ಕುರ್ಚಿ ಎಳೆದರು. "ಕೂತ್ಕೋ. ಬೈಬೇಡ. ತೋರಿಸ್ತೀನಿ."

ಎಡಿಟರಿನ ಒಳಗಿನ ರೂಪವನ್ನು ಮೊದಲೂ ಒಮ್ಮೆ ಅವರ ಹೆಗಲ ಹಿಂದೆ ನಿಂತು ನೋಡಿದ್ದೆ. ನಾವು ಹೊರಗಡೆ ನೋಡುವ ಪ್ಯಾರಾ, ಫೋಟೋ, ದಪ್ಪಕ್ಷರ ಯಾವುದೂ ಒಳಗೆ ಹಾಗಿರುವುದಿಲ್ಲ. ಎಲ್ಲವನ್ನೂ ತುಂಡು ತುಂಡಾಗಿ ಕತ್ತರಿಸಿ, ಬಾಗಿದ ಆವರಣಗಳ ಒಳಗೆ ಒಂದರೊಳಗೊಂದು ಇಟ್ಟಿರುತ್ತದೆ. ಇದು ಪ್ಯಾರಾ, ಅದರೊಳಗೆ ಇಂಥ ಮಾತು. ಇದು ಫೋಟೋ, ಅದರ ಅಡಿಬರಹ ಇಂಥದ್ದು. ಇದು ಗಂಡನ ಹೆಸರು. ನಾನು ಮುಟ್ಟದೆ ಬಿಟ್ಟ ಖಾನೆಯ ಎದುರು ಅದು ನಲ್ ಎಂದು ಬರೆದುಕೊಂಡಿತ್ತು. ಏನೋ ಬರೆದು ಆಮೇಲೆ ಅಳಿಸಿದ ಕಡೆ ಮಾತ್ರ ಹಾಗಿರಲಿಲ್ಲ. ಅಲ್ಲಿ ಎರಡು ಉದ್ಧರಣ ಚಿಹ್ನೆ, ನಡುವೆ ಏನಿಲ್ಲ.

"ಇವೆರಡೂ ಬೇರೆ ಬೇರೆ ಅಲ್ವಾ ಸರ್?"

"ಹೌದು. ಒಂದು ಖಾಲಿ ಮಾತು. ಇನ್ನೊಂದು ಮಾತೇ ಅಲ್ಲ, ಏನೂ ಇಟ್ಟಿಲ್ಲ ಅಂತ."

ಯಂತ್ರಕ್ಕೂ ಗೊತ್ತಿತ್ತು. ಅಪ್ಪ ಚೆಕ್‌ರೋಲಿನಲ್ಲಿ ಗೀಟಿಗೂ ಖಾಲಿಗೂ ಮಾಡುತ್ತಿದ್ದ ವ್ಯತ್ಯಾಸ ಯಂತ್ರ ತಪ್ಪದೆ ಬರೆದಿಟ್ಟಿತ್ತು. ಕೆಡಿಸಿದ್ದು ಯಂತ್ರವಲ್ಲ.

"ನನ್ನ ಪ್ರೋಗ್ರಾಂ ಏನ್ಮಾಡುತ್ತೆ," ರೇಣುಕಪ್ರಸಾದ್ ಸರ್ ಹೇಳಿದರು, "ಪ್ರತಿ ಖಾನೆಯ ಮಾತು ತಗೊಂಡು ಆಚೀಚೆ ಜಾಗ ಇದ್ರೆ ಕತ್ತರಿಸಿ ನೀಟ್ ಮಾಡುತ್ತೆ. ನಲ್ ಸಿಕ್ಕಿದ್ರೆ ಕತ್ತರಿಸೋಕೆ ಅಲ್ಲಿ ಏನೂ ಇರಲ್ಲ. ಅಲ್ಲೇ ನಿಂತುಬಿಡ್ತಿತ್ತು. ಪುಸ್ತಕಾನೇ ಬರ್ತಿರ್ಲಿಲ್ಲ. ಮಾಲತಿ ಮೇಡಂ ಅವಸರ ಮಾಡಿದ್ರು. ಅದಕ್ಕೆ ಒಂದು ಸಾಲು ಹಾಕ್ದೆ."

"ಯಾವ ಸಾಲು ಸರ್?"

ಅವರು ಬೆರಳಿಟ್ಟು ತೋರಿಸಿದರು. "ನಲ್ ಇದ್ರೆ ಮುಂದಕ್ಕೆ ಹೋಗು."

ನಾಲ್ಕೇ ನಾಲ್ಕು ಪದದ ಸಾಲು. ಇಪ್ಪತ್ತೊಂಬತ್ತು ಮುದುಕಿಯರನ್ನು ದಾಟಿ ಪ್ರೋಗ್ರಾಂ ಮುಂದಕ್ಕೆ ಹೋಗಿತ್ತು. ಹೋಗುವಾಗ ಯಾರಿಗೂ ಹೇಳಿರಲಿಲ್ಲ. ಎಷ್ಟು ಜನ ಕೊಟ್ಟೆವು, ಎಷ್ಟು ಜನ ಬಂದರು ಅಂತ ಎಣಿಸುವ ಸಾಲನ್ನು ಯಾರೂ ಬರೆದಿರಲಿಲ್ಲ.

"ಬರೀ ಆ ಖಾನೆ ದಾಟಿದ್ರೆ ಆಗ್ತಿತ್ತಲ್ಲ ಸರ್. ಪೂರ್ತಿ ಮನುಷ್ಯರನ್ನೇ ಯಾಕೆ ದಾಟ್ಬೇಕು?"

ಅವರ ಕಿವಿ ಕೆಂಪಾಯಿತು.

ಅಷ್ಟರಲ್ಲಿ ಮಾಲತಿ ಮೇಡಂ ಒಳಗಿನ ಕೋಣೆಯಿಂದ ಬಂದರು. ಸಂಸ್ಥೆ ನಡೆಸುವವರು ಅವರೇ. ಕೈಯಲ್ಲಿ ಕಾಫಿ ಲೋಟ, ಮುಖದಲ್ಲಿ ನಗು. ಅವರು ನಗದೆ ಇದ್ದದ್ದನ್ನು ನಾನು ನೋಡಿರಲಿಲ್ಲ.

"ಏನ್ ಆಶಾ, ಬಂದ್ಯಾ? ಬಾ, ಸಹಿ ಮಾಡ್ಬಿಡು. ಮೂರು ಗಂಟೆಗೆ ಪ್ರೆಸ್ಸಿಗೆ ಕೊಡ್ಬೇಕು."

ರೇಣುಕಪ್ರಸಾದ್ ಸರ್ ವಿಷಯ ಹೇಳಿದರು. ಮೇಡಂ ನಗು ಕಡಿಮೆ ಮಾಡಲಿಲ್ಲ.

"ಇಷ್ಟೇನಾ? ಖಾಲಿ ಇರೋ ಕಡೆ ಎಲ್ಲಾ 'ಇಲ್ಲ' ಅಂತ ತುಂಬಿಸಿಬಿಡಿ ಪ್ರಸಾದ್. ಬರ್ತಾರಲ್ಲ ಆಗ?"

"ಬರ್ತಾರೆ."

"ಮತ್ತೆ? ಮುಗೀತು."

"ಬೇಡ ಮೇಡಂ," ಅಂದೆ.

ಇಬ್ಬರೂ ತಿರುಗಿ ನೋಡಿದರು. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡು ಬಿಗಿ ಹಿಡಿದೆ.

"ಗಂಡನ ಹೆಸ್ರು ಇಲ್ಲ ಅಂತ ಹಾಕಿದ್ರೆ, ಗಂಡನೇ ಇರ್ಲಿಲ್ಲ ಅಂತ ಓದ್ತಾರೆ. ಕೆಳಗಡೆ ಚೋಮಿ ಅಜ್ಜಿ ಹೇಳಿರೋದು ಏನು? ನಾನೂ ನನ್ನ ಗಂಡಾನೂ ಕಡಿದು ಮಾಡಿದ ಜಾಗ ಅಂತ. ಮೇಲೆ ಒಂದು ಕೆಳಗೆ ಒಂದು ಅಂತ ಕೇಳಲ್ವಾ ಸಭೆಯವ್ರು? ಸುಳ್ಳು ಅಂತ ತೆಗೆದು ಹಾಕಲ್ವಾ?"

"ಅಯ್ಯೋ, ಅಷ್ಟೆಲ್ಲ ಯಾರು ಓದ್ತಾರೆ ಮಾರಾಯ್ತಿ?"

ಈ ಮಾತು ನನಗೆ ಇವತ್ತಿಗೂ ಮರೆತಿಲ್ಲ. ಯಾರೂ ಓದುವುದಿಲ್ಲ ಅಂದಮೇಲೆ ಆ ಮುದುಕಿಯರನ್ನು ಬಿಸಿಲಲ್ಲಿ ಕೂರಿಸಿಕೊಂಡು ನಾನು ಯಾಕೆ ಕೇಳಿದೆ? ಅವರು ಯಾಕೆ ಹೇಳಿದರು?

"ಒಂದ್ಸಲ ಹಾಕಿ ನೋಡಿ ಪ್ರಸಾದ್," ಮೇಡಂ ಅಂದರು, ನಾನು ಅಲ್ಲಿ ಇಲ್ಲವೇನೋ ಎಂಬಂತೆ.

ಅವರು ಹಾಕಿದರು. ಪ್ರೋಗ್ರಾಂ ಓಡಿತು. ನಾನು ಪಟ್ಟಿಯ ಕೊನೆಯ ಸಂಖ್ಯೆ ನೋಡಿದೆ.

"ನೂರ ಹನ್ನೊಂದು," ಅಂದೆ. "ಇನ್ನೊಬ್ರು ಬಂದಿಲ್ಲ."

ಚಿಕ್ಕಣ್ಣ, ಜವರ. ಚೋಮಿ ಈಗಲೂ ಇಲ್ಲ.

ರೇಣುಕಪ್ರಸಾದ್ ಸರ್ ಹುಬ್ಬು ಗಂಟಿಕ್ಕಿ ಚೋಮಿಯ ಹೇಳಿಕೆಯ ಒಳಗನ್ನು ತೆರೆದರು. ಕೆಳಗೆ ಕೆಳಗೆ ಹೋಗಿ ಒಂದು ಕಡೆ ನಿಲ್ಲಿಸಿದರು.

"ಇಲ್ಲಿ ಇನ್ನೊಂದು ನಲ್ ಕೂತೈತೆ. ನೋಡು, ಪ್ಯಾರಾ ಐತೆ, ಅದರೊಳಗೆ ಏನೂ ಇಲ್ಲ. ಎಂತಕ್ಕೆ ಇಲ್ಲಿ ಎರಡು ಸಲ ಎಂಟರ್ ಒತ್ತಿದ್ದು? ಕೈ ಜಾರ್ತಾ?"

ಕೈ ಜಾರಿರಲಿಲ್ಲ. ಯಾವ ಜಾಗ ಅಂತ ಓದದೆಯೇ ನನಗೆ ಗೊತ್ತಿತ್ತು.

ಚೋಮಿ ಅವತ್ತು ಎಲ್ಲವನ್ನೂ ಸಲೀಸಾಗಿ ಹೇಳುತ್ತಾ ಬಂದಿದ್ದಳು. ಎಲ್ಲಿ ಯಾವ ಮರ ಇತ್ತು, ನೀರು ಎಲ್ಲಿಂದ ತರುತ್ತಿದ್ದರು, ಮೊದಲ ರಾಗಿ ಯಾವ ವರ್ಷ ಬಂತು. ಆಮೇಲೆ ಗಂಡನಿಗೆ ಜ್ವರ ಬಂದದ್ದಕ್ಕೆ ಬಂದಳು. ನಾಲ್ಕು ಜನ ಕಂಬಳಿಯಲ್ಲಿ ಹೊತ್ತು ರೋಡಿಗೆ ತಂದರಂತೆ. "ರೋಡಿನ ಪಕ್ಕ ಕೂರ್ಸಿದ್ವಿ. ನನ್ನ ಹೆಗಲಿಗೆ ಒರಗ್ಸಿಕೊಂಡಿದ್ದೆ. ಲಾರಿ ಬಂತು. ಕೈ ಮಾಡಿದ್ವಿ. ನಿಲ್ಸಿಲ್ಲ. ಇನ್ನೊಂದು ಬಂತು. ಅದೂ ನಿಲ್ಸಿಲ್ಲ." ಅಲ್ಲಿಗೆ ಸುಮ್ಮನಾದಳು. ಕೋಳಿಯೊಂದು ಅಂಗಳ ದಾಟಿ ಹೋಯಿತು. ನಾನು ಕಾದೆ. ತುಂಬಾ ಹೊತ್ತಾದಮೇಲೆ, "ಆಮೇಲೆ ನಾ ಒಬ್ಳೇ ಉಳುಮೆ ಮಾಡ್ದೆ," ಅಂದಳು. ನಾನು ಒಂದು ಸಾಲು ಖಾಲಿ ಬಿಟ್ಟು ಅದನ್ನು ಬರೆದೆ.

"ಅಲ್ಲಿ ಅಜ್ಜಿ ಸುಮ್ಮನಾದ್ರು ಸರ್," ಅಂದೆ.

"ಸರಿ. ಆ ಖಾಲಿ ಸಾಲು ತೆಗೀತೀನಿ, ಬರುತ್ತೆ."

"ತೆಗೀಬೇಡಿ."

"ಏ, ಒಂದು ಖಾಲಿ ಸಾಲಿಗೆ ಎಂತ ರಗಳೆ ನಿಂದು?" ಮೇಡಂ ಲೋಟವನ್ನು ಮೇಜಿನ ಮೇಲೆ ಇಟ್ಟರು. ಈಗ ನಗು ಇರಲಿಲ್ಲ. "ನೋಡಮ್ಮ, ನೀನು ಟೈಪ್ ಮಾಡೋಕೆ ಬಂದವಳು. ಪ್ರೋಗ್ರಾಂ ಹೇಗಿರ್ಬೇಕು ಅಂತ ಹೇಳೋಕೆ ಇವ್ರು ಓದ್ಕೊಂಡಿದಾರೆ. ನೀನು ಎಷ್ಟನೇ ಕ್ಲಾಸು?"

"ಒಂಬತ್ತು."

"ಪಾಸಾ?"

ಮೇಷ್ಟರು ಕ್ಲಾಸಿನ ಮುಂದೆ ನಿಲ್ಲಿಸಿದಾಗ ನಾನು ನೆಲ ನೋಡುತ್ತಿದ್ದೆ. ಈ ಸಲವೂ ನೆಲವನ್ನೇ ನೋಡಿದೆ. ನೆಲದ ಮೇಲೆ ಯಾರೋ ಪುಸ್ತಕದ ಮೊದಲ ಪುಟವನ್ನು ಪ್ರಿಂಟ್ ಮಾಡಿ ಬೀಳಿಸಿದ್ದರು. ಬಗ್ಗಿ ಎತ್ತಿಕೊಂಡೆ. ಕೆಳಗಡೆ ಒಂದು ಸಾಲು ಇತ್ತು: 'ತೆಗೆದುಕೊಂಡ ಎಲ್ಲ ಹೇಳಿಕೆಗಳನ್ನೂ ಇದ್ದದ್ದು ಇದ್ದ ಹಾಗೆ ಇದರಲ್ಲಿ ಸೇರಿಸಲಾಗಿದೆ.' ಅದರ ಕೆಳಗೆ, 'ಬರೆದುಕೊಂಡವರು: ಆಶಾರಾಣಿ ಕೆ.' ಪಕ್ಕದಲ್ಲಿ ಸಹಿಗೆ ಜಾಗ.

"ಇದಕ್ಕೆ ನಾನು ಸಹಿ ಮಾಡಲ್ಲ ಮೇಡಂ."

"ಏನು?"

"ಇದ್ದದ್ದು ಇದ್ದ ಹಾಗೆ ಅಂತ ಬರೆದಿದೆ. ಇಲ್ಲ. ಸುಳ್ಳಿಗೆ ನಾನು ಸಹಿ ಹಾಕಲ್ಲ."

ಬೇಕರಿಯಲ್ಲಿ ಯಾರೋ ತಟ್ಟೆ ಜೋಡಿಸುವ ಸದ್ದು ಮೇಲಕ್ಕೆ ಕೇಳುತ್ತಿತ್ತು. ಮೇಡಂ ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ರೇಣುಕಪ್ರಸಾದ್ ಸರ್‌ರನ್ನು ನೋಡಿದರು. ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಏನ್ ಮಾಡ್ಬೇಕು ಅಂತೀಯ ಈಗ?"

"ಖಾಲಿ ಬಿಟ್ಟಿದ್ದನ್ನ ಖಾಲಿ ಅಂತಾನೇ ತೋರಿಸಿ. ಗಂಡನ ಹೆಸ್ರಿನ ಮುಂದೆ 'ಇನ್ನೂ ಕೇಳಿಲ್ಲ' ಅಂತ ಪ್ರಿಂಟಾಗ್ಲಿ. ಹೇಳಿಕೆ ಒಳಗಡೆ ಖಾಲಿ ಸಾಲು ಇದ್ರೆ ಖಾಲಿ ಸಾಲು ಇರ್ಲಿ."

"ಇಪ್ಪತ್ತೊಂಬತ್ತು ಕಡೆ ಇನ್ನೂ ಕೇಳಿಲ್ಲ, ಇನ್ನೂ ಕೇಳಿಲ್ಲ ಅಂತ ಬಂದ್ರೆ ಹೇಗಿರುತ್ತೆ? ಸಭೇಲಿ ನಮ್ಮ ಮಾನ ಏನಾಗ್ಬೇಕು? ನಾವು ಕೆಲ್ಸಾನೇ ಮಾಡಿಲ್ಲ ಅಂತ ಕಾಣುತ್ತೆ."

"ಮಾಡಿಲ್ಲ ಮೇಡಂ," ಅಂದೆ. "ನಾನೂ ಮಾಡಿಲ್ಲ. ನೀವೂ ಮಾಡಿಲ್ಲ."

ಮೇಡಂ, "ಏನಾದ್ರೂ ಮಾಡ್ಕೊಳ್ಳಿ," ಅಂತ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ರೇಣುಕಪ್ರಸಾದ್ ಸರ್ 'ನಲ್ ಇದ್ರೆ ಮುಂದಕ್ಕೆ ಹೋಗು' ಅನ್ನುವ ಸಾಲನ್ನು ಅಳಿಸಿದರು. ಅದರ ಜಾಗದಲ್ಲಿ ಬರೆದರು: ಮಾತು ಇದ್ದರೆ ಆ ಮಾತು, ಇಲ್ಲದಿದ್ದರೆ 'ಇನ್ನೂ ಕೇಳಿಲ್ಲ'. ಪ್ಯಾರಾದ ಒಳಗೆ ನಲ್ ಇದ್ದರೆ ಒಂದು ಖಾಲಿ ಸಾಲು. ಕೊನೆಗೆ, ನಾನು ಹೇಳದೆಯೇ, ಕೊಟ್ಟವರು ಎಷ್ಟು ಬಂದವರು ಎಷ್ಟು ಎಂದು ಎಣಿಸುವ ಸಾಲು. ಮೊದಲು ತುಂಬಿಸಿದ್ದ 'ಇಲ್ಲ'ಗಳನ್ನೆಲ್ಲ ತೆಗೆದರು.

ಪ್ರೋಗ್ರಾಂ ಓಡಿತು. ನೂರ ಹನ್ನೆರಡು ಕೊಟ್ಟದ್ದು, ನೂರ ಹನ್ನೆರಡು ಬಂದದ್ದು.

ಹತ್ತು ನಿಮಿಷ ಹಿಡಿಯಿತು. ಗೋಡೆಯ ಗಡಿಯಾರದಲ್ಲಿ ನೋಡಿಯೇ ಹೇಳುತ್ತಿದ್ದೇನೆ. ಚೋಮಿ ನಲವತ್ತು ವರ್ಷದಿಂದ ಉತ್ತ ಜಾಗ ಹೋಗುವುದಕ್ಕಿತ್ತಲ್ಲ, ಅದನ್ನು ತಡೆಯುವುದಕ್ಕೆ ಬೇಕಿದ್ದದ್ದು ಹತ್ತು ನಿಮಿಷ. ನನಗೆ ಸಮಾಧಾನವಾಗಬೇಕಿತ್ತು. ಸಿಟ್ಟು ಇನ್ನೂ ಜಾಸ್ತಿಯಾಯಿತು.

"ನಾನೇ ನೋಡ್ಬೇಕಿತ್ತು," ಅವರು ಮೆಲ್ಲಗೆ ಅಂದರು.

"ಹೌದು ಸರ್," ಅಂದೆ. ಪರವಾಗಿಲ್ಲ ಅನ್ನಲು ಬಾಯಿ ಬರಲಿಲ್ಲ. ಸಹಿ ಮಾಡಿ ಬಂದೆ.

*

ಶುಕ್ರವಾರ ಸಭೆ ಹಾಡಿಯ ಅಂಗನವಾಡಿಯ ಮುಂದೆ ನಡೆಯಿತು. ಒಂದು ಮೇಜು, ನಾಲ್ಕು ಕುರ್ಚಿ. ಕುರ್ಚಿಯಲ್ಲಿ ಪಂಚಾಯಿತಿಯ ಇಬ್ಬರು, ಮಾಲತಿ ಮೇಡಂ, ಮತ್ತು ಹಕ್ಕಿನ ಅರ್ಜಿ ನೋಡುವ ಸಮಿತಿಯ ಅಧ್ಯಕ್ಷ ಅಪ್ಪಯ್ಯ. ಅವನೂ ಹಾಡಿಯವನೇ, ಓದು ಬಲ್ಲವನು, ಮಾತಿನಲ್ಲಿ ಚುರುಕು. ನೆಲದ ಮೇಲೆ ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ನಾನು ಹೆಂಗಸರ ಹಿಂದೆ, ಗೋಡೆಗೆ ಒರಗಿ ಕೂತೆ.

ಅಪ್ಪಯ್ಯ ಅರ್ಜಿ ಹಾಕಿದ ಕ್ರಮದಲ್ಲಿ ಒಬ್ಬೊಬ್ಬರದನ್ನೇ ಓದುತ್ತಾ ಬಂದ. ಹೆಸರು, ವಯಸ್ಸು, ಗಂಡ ಅಥವಾ ಹೆಂಡತಿಯ ಹೆಸರು, ಆಮೇಲೆ ಹೇಳಿಕೆ. ಕೆಂಪಿಯದು ಬಂತು.

"ದೊಡ್ಡ ಕೆಂಪಿ. ಗಂಡನ ಹೆಸ್ರು: ಇನ್ನೂ ಕೇಳಿಲ್ಲ." ಅವನು ತಲೆ ಎತ್ತಿದ. "ಇದ್ಯಾವ ಹೆಸ್ರಪ್ಪ?"

ಗಂಡಸರು ನಕ್ಕರು. "ಏಯ್ ಕೆಂಪಿ, ನಿನ್ನ ಗಂಡನ್ನ ಯಾರೂ ಕೇಳೇ ಇಲ್ವಂತೆ!"

"ಬದುಕಿದ್ದಾಗ್ಲೂ ಯಾರೂ ಕೇಳ್ತಿರ್ಲಿಲ್ಲ ಬುಡು," ಅಂತ ಕೆಂಪಿಯೇ ತಿರುಗಿಸಿ ಹೇಳಿದಳು. ನಗು ದೊಡ್ಡದಾಯಿತು.

ಪಂಚಾಯಿತಿಯವರೊಬ್ಬರು ನಗಲಿಲ್ಲ. "ಇದನ್ನ ಬರೆದಿದ್ದು ಯಾರು? ಹೀಗೆಲ್ಲ ಬರೆದ್ರೆ ಹ್ಯಾಗೆ ಕಳ್ಸೋದು ಮೇಲಕ್ಕೆ?"

ಮಾಲತಿ ಮೇಡಂ ತಿರುಗಿ ನನ್ನನ್ನು ಹುಡುಕಿದರು. ಎಲ್ಲರ ತಲೆಯೂ ತಿರುಗಿತು. ಗೋಡೆಗೆ ಬೆನ್ನೊತ್ತಿಕೊಂಡೇ ಎದ್ದೆ.

"ನಾನು ಬರೆದಿದ್ದು. ಕೇಳಿದ್ದೆ, ಅವ್ರು ಬಾಯಿಬಿಟ್ಟು ಹೇಳಲ್ಲ. ಬೇರೆಯವ್ರನ್ನ ಕೇಳ್ಬೇಕಿತ್ತು. ಕೇಳಿಲ್ಲ. ಇಲ್ಲ ಅಂತ ಬರೆಯೋಕೆ ಆಗಲ್ಲ, ಹೆಸ್ರು ಇದೆ. ಈಗ ಕೇಳ್ತೀನಿ." ಉಸಿರು ತೆಗೆದುಕೊಂಡೆ. "ದೊಡ್ಡ ಕೆಂಪಿಯವ್ರ ಯಜಮಾನ್ರ ಹೆಸ್ರು ಯಾರಾದ್ರೂ ಹೇಳಿ."

ಕೆಂಪಿಯ ಪಕ್ಕದಲ್ಲಿ ಕೂತಿದ್ದ ಮಾರಿ, ಕೆಂಪಿಯ ಗಂಡನ ಹೆಸರನ್ನು ಕಾಡಿಗೇ ಕೇಳುವ ಹಾಗೆ ಕೂಗಿದಳು. ಅಪ್ಪಯ್ಯ ಪೆನ್ನು ತೆಗೆದು 'ಇನ್ನೂ ಕೇಳಿಲ್ಲ'ದ ಮೇಲೆ ಬರೆದುಕೊಂಡ. ಅದಾದ ಮೇಲೆ ತಡೆಯೇ ಇರಲಿಲ್ಲ. ಮಾರಿಯ ಗಂಡನ ಹೆಸರನ್ನು ಕೆಂಪಿ ಹೇಳಿದಳು. ಪುಟ್ಟಿಯದನ್ನು ಅವಳ ಓರಗಿತ್ತಿ ಹೇಳಿದಳು. "ಅಲ್ಲಲ್ಲ, ಅದು ಅವನ ತಮ್ಮನ ಹೆಸ್ರು," ಅಂತ ಯಾರೋ ತಿದ್ದಿದರು. ತಮ್ಮ ಸರದಿ ಬಂದಾಗ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸುತ್ತಿದ್ದರು, ಇನ್ನೊಬ್ಬರದು ಬಂದಾಗ ಪೈಪೋಟಿಗೆ ಬಿದ್ದು ಕೂಗುತ್ತಿದ್ದರು. ಯಾರೂ ತಮ್ಮ ಗಂಡನ ಹೆಸರು ಹೇಳಲಿಲ್ಲ. ಯಾರ ಗಂಡನ ಹೆಸರೂ ಬಾಕಿ ಉಳಿಯಲಿಲ್ಲ.

ಇಷ್ಟೇ ಆಗಿತ್ತು. ಪಕ್ಕದವಳನ್ನು ಕೇಳಬೇಕಿತ್ತು.

ಚೋಮಿಯದು ಬಂದಾಗ ಅಪ್ಪಯ್ಯನೇ ಹೇಳಿದ. ಅವನಿಗೆ ಅವಳ ಗಂಡ ದೊಡ್ಡಪ್ಪನಾಗಬೇಕಂತೆ. ಹೆಸರು ಬರೆದು, ಹೇಳಿಕೆ ಓದತೊಡಗಿದ. ಮರಗಳು, ನೀರು, ಮೊದಲ ರಾಗಿ. ರೋಡಿನ ಪಕ್ಕ ಕೂರಿಸಿದ್ದು. ಲಾರಿ. ಇನ್ನೊಂದು ಲಾರಿ. ಖಾಲಿ ಸಾಲು ಬಂದಾಗ ಅವನು ತನ್ನಷ್ಟಕ್ಕೆ ಓದು ನಿಲ್ಲಿಸಿದ. ಆಮೇಲೆ, "ಆಮೇಲೆ ನಾ ಒಬ್ಳೇ ಉಳುಮೆ ಮಾಡ್ದೆ," ಅಂತ ಓದಿದ.

"ಯಾರ್ದಾದ್ರೂ ತಕರಾರು ಇದ್ಯಾ?"

ಯಾರದೂ ಇರಲಿಲ್ಲ. ಎಲ್ಲರೂ ಒಪ್ಪಿಗೆ ಅಂತ ಕೈ ಎತ್ತಿದರು. ಚೋಮಿಯ ಅರ್ಜಿ ಮುಂದಕ್ಕೆ ಹೋಗುವ ಕಾಗದಗಳ ಕಟ್ಟು ಸೇರಿತು. ಅಲ್ಲಿಂದ ಮುಂದೆ ಇನ್ನೆಷ್ಟು ಮೇಜುಗಳಿವೆಯೋ, ಆ ಮೇಜುಗಳ ಮೇಲೆ ಯಾರು ಏನನ್ನು ದಾಟಿ ಮುಂದಕ್ಕೆ ಹೋಗುತ್ತಾರೋ ನನಗೆ ಗೊತ್ತಿಲ್ಲ. ಇಲ್ಲಿ ಮಾತ್ರ ದಾಟಲಿಲ್ಲ.

ಸಭೆ ಮುಗಿದ ಮೇಲೆ ಮಾಲತಿ ಮೇಡಂ ಅಪ್ಪಯ್ಯನ ಕೈ ಕುಲುಕಿ, ಈ ತರ ಎಲ್ಲರೂ ಸೇರಿ ತುಂಬಿಸಿದ್ದು ಎಷ್ಟು ಚೆನ್ನಾಗಿತ್ತು ಅಂತ ನಗುತ್ತಾ ಫೋಟೋ ತೆಗೆಸಿಕೊಂಡರು. ನನ್ನನ್ನೂ ಕರೆದರು. ನಾನು ಹೋಗಲಿಲ್ಲ.

ಚೋಮಿ ಅಂಗನವಾಡಿಯ ಮೆಟ್ಟಿಲ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಅವಳು ನನಗೆ ಒಂದು ಒಳ್ಳೆಯ ಮಾತು ಹೇಳಬಹುದು ಅಂತ ಒಳಗೊಳಗೇ ಅಂದುಕೊಂಡು ಹತ್ತಿರ ಹೋದೆ ಎಂಬುದನ್ನು ಮುಚ್ಚಿಡುವುದಿಲ್ಲ.

"ರೈಟ್ರ ಮಗಳೇ," ಅಂದಳು. ಧ್ವನಿಯಲ್ಲಿ ಬಿಸಿ ಇತ್ತು. "ಆಮೇಲೆ ಬಂದು ಕೇಳ್ಕೋತೀನಿ ಅಂದೆಯಲ್ಲ ಅವತ್ತು?"

"ಹೂಂ ಅಜ್ಜಿ."

"ಮಾರೀಗೆ ಹೇಳಿ ಇಟ್ಟಿದ್ದೆ. ಕೂಸು ಬರುತ್ತೆ, ಬಂದ್ರೆ ನೀನೇ ಹೆಸ್ರು ಹೇಳ್ಬೇಕು, ಎಲ್ಲಿಗೂ ಹೋಗ್ಬೇಡ ಅಂತ. ನಾಕು ದಿನ ಅವಳು ಕೆಲ್ಸಕ್ಕೆ ಹೋಗ್ದೆ ಕೂತ್ಲು." ಸುಣ್ಣದ ಬೆರಳನ್ನು ಮೆಟ್ಟಿಲಿಗೆ ಒರೆಸಿದಳು. "ನೀ ಬರ್ಲೇ ಇಲ್ಲ."

ನಾನು ಅಲ್ಲೇ ಅವಳ ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಎದ್ದು ಹೋಗು ಅಂತ ಅವಳು ಅನ್ನಲಿಲ್ಲ.